ಯೂದನು ಖಳನೇ, ಕೈಗೊಂಬೆಯೇ, ಗೆಳೆಯನೇ?

ಪ್ರಶ್ನೆ: ನಾನು ನಮ್ಮ ಚರ್ಚಿನ ಸಂಡೇ ಸ್ಕೂಲಿನಲ್ಲಿ ದೊಡ್ಡ ಮಕ್ಕಳಿಗೆ ಪಾಠ ಮಾಡುತ್ತೇನೆ. ಶುಭ ಶುಕ್ರವಾರದ ಪಾಠದ ನಡುವೆ ಹುಡುಗಿಯೊಬ್ಬಳು, “ಶಿಷ್ಯನಾದ ಯೂದನು ಯೇಸುವನ್ನು ಹಿಡಿದುಕೊಡದೆ ಇದ್ದಿದ್ದರೆ ಶಿಲುಬೆಯೇ ಇರುತ್ತಿರಲಿಲ್ಲ, ಹಾಗಾದರೆ ಅವನು ಮಾಡಿದ್ದು ದೇವರ ಕೆಲಸವಲ್ಲವೇ?” ಎಂದು ಕೇಳಿದಳು. ‘ಯೂದನ ಸುವಾರ್ತೆ’ ಎಂಬುದೊಂದು ಸಿಕ್ಕಿದೆಯೆಂದೂ ಅದರಲ್ಲಿ ಅವನೇ ನಾಯಕನೆಂದೂ ಅವಳು ಕೇಳಿದ್ದಾಳೆ. ಬೈಬಲ್ಲಿನ ಖಳರಾಣಿ ಈಜೆಬೆಲಳನ್ನು ಧೀರ ರಾಣಿಯೆಂದು ಹೊಗಳುವ ಬರಹಗಳನ್ನು ನಾನೂ ಓದಿದ್ದೇನೆ. ಇವಕ್ಕೆಲ್ಲ ಆಧಾರವಿದೆಯೇ? ಅಥವಾ ರಾವಣನನ್ನು ನಾಯಕನಾಗಿಸುವ ಹಾಗೆ ಇದೂ ಈ ಕಾಲದ ಒಂದು ಚಾಳಿಯೇ?

ಉತ್ತರ: ನಿಮ್ಮ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಕ್ರೈಸ್ತ ಧರ್ಮದಷ್ಟೇ ಹಳೆಯದು. ಆದ್ದರಿಂದ ಅವಳನ್ನು ಗದರಿಸದೆ ನನಗೆ ಬರೆದು ಕೇಳಿದ್ದಕ್ಕೆ ಮೊದಲು ನಿಮಗೆ ವಂದನೆ. ಮರುವ್ಯಾಖ್ಯಾನಗಳಲ್ಲಿ ಗಟ್ಟಿಯಾದವೂ ಇವೆ, ಜೊಳ್ಳೂ ಇವೆ. ಎರಡನ್ನೂ ಬೇರ್ಪಡಿಸುವ ಮೊರ ಹೊರಗೆಲ್ಲೋ ಇಲ್ಲ, ಬೈಬಲ್ಲಿನ ಒಳಗೇ ಇದೆ. ನಾವು ‘ಮೂಲದ ಯೂದ’ ಎಂದು ತಿಳಿದಿರುವವನು ಒಂದೇ ಏಟಿಗೆ ಕೆತ್ತಿದ ವಿಗ್ರಹವಲ್ಲ. ಯೇಸುವಿನ ಕಥೆ ಬರೆದ ನಾಲ್ವರು ಸುವಾರ್ತಾಕಾರರು (ಮಾರ್ಕ, ಮತ್ತಾಯ, ಲೂಕ, ಯೋಹಾನ) ಒಬ್ಬರ ಹಿಂದೆ ಒಬ್ಬರು ಉಳಿ ಹಿಡಿದು ಅವನನ್ನು ರೂಪಿಸಿದ್ದಾರೆ. ಖಳನನ್ನು ಮತ್ತೆ ಓದುವ ಕೆಲಸ ಇಪ್ಪತ್ತನೆಯ ಶತಮಾನದ ಕಾದಂಬರಿಕಾರರಿಂದ ಶುರುವಾಯಿತೆನ್ನುವುದು ತಪ್ಪು ತಿಳಿವಳಿಕೆ.

ಬೇಥಾನ್ಯದ ಊಟದ ಪ್ರಸಂಗವನ್ನೇ ತೆಗೆದುಕೊಳ್ಳಿ. ಹೆಂಗಸೊಬ್ಬಳು ಅಚ್ಚ ಜಟಾಮಾಂಸಿ ತೈಲವನ್ನು ತಂದು ಯೇಸುವಿಗೆ ಹಚ್ಚುತ್ತಾಳೆ. (ಜಟಾಮಾಂಸಿ ನಮ್ಮ ಹಿಮಾಲಯದ ಎತ್ತರದ ಜಾಗಗಳಲ್ಲಿ ಬೆಳೆಯುವ ಬೇರು. ಅದು ಯೆಹೂದ್ಯರ ನಾಡಿನವರೆಗೆ ಹೋಗಬೇಕಾದರೆ ಬೆಲೆ ಎಷ್ಟಾಗಿದ್ದೀತು ಎಂಬುದನ್ನು ಊಹಿಸಬಹುದು.) ಮುನ್ನೂರು ದಿನಾರಿ ನಾಣ್ಯಗಳಿಗೆ ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಯಾರೋ ಗೊಣಗುತ್ತಾರೆ. ಕೂಲಿಯಾಳಿನ ಒಂದು ದಿನದ ಸಂಬಳ ಒಂದು ದಿನಾರಿಯಾಗಿದ್ದ ಕಾಲವದು, ಆದುದರಿಂದ ಗೊಣಗಿದ್ದರಲ್ಲಿ ಅರ್ಥವಿಲ್ಲದೆಯೂ ಇಲ್ಲ. ಆದರೆ ಗೊಣಗಿದವರು ಯಾರು? ಬಹುಪಾಲು ವಿದ್ವಾಂಸರು ಎಲ್ಲಕ್ಕಿಂತ ಹಳೆಯದೆಂದು, ಅಂದರೆ ಕ್ರಿ.ಶ. 70ರ ಆಸುಪಾಸಿನದೆಂದು ಎಣಿಸುವ ಮಾರ್ಕನ ಸುವಾರ್ತೆಯಲ್ಲಿ ಅವರು ಬರೀ ‘ಕೆಲವರು’. ಮತ್ತಾಯನಲ್ಲಿ ಅವರು ‘ಶಿಷ್ಯರು’. ಮೊದಲ ಶತಮಾನದ ಕೊನೆಗೆ ಬರೆದದ್ದೆನ್ನುವ ಯೋಹಾನನಲ್ಲಿ ಮಾತ್ರ ಆ ಮಾತು ಯೂದನೊಬ್ಬನ ಬಾಯಿಗೆ ಬರುತ್ತದೆ. ಜೊತೆಗೆ, ಅವನು ಬಡವರ ಮೇಲಿನ ಕರುಣೆಯಿಂದ ಹಾಗೆ ಹೇಳಿದ್ದಲ್ಲ, ಹಣದ ಚೀಲ ಅವನ ಕೈಯಲ್ಲಿತ್ತು, ಅದರಲ್ಲಿ ಹಾಕಿದ್ದನ್ನು ಕದಿಯುತ್ತಿದ್ದ ಕಳ್ಳನವನು ಎಂಬ ವಿವರಣೆಯೂ ಸೇರಿಕೊಳ್ಳುತ್ತದೆ. ಒಂದೇ ಗೊಣಗು ಮೂವತ್ತು ವರ್ಷಗಳ ಅವಧಿಯಲ್ಲಿ ಗುಂಪಿನಿಂದ ಜಾರಿ ಒಬ್ಬನ ತಲೆಯ ಮೇಲೆ ಬಂದು ಕೂತದ್ದನ್ನು ಇಲ್ಲಿ ಕಣ್ಣಾರೆ ನೋಡಬಹುದು.

ಹಣದ ವಿಷಯವೂ ಹೀಗೆಯೇ. ಮಾರ್ಕನ ಯೂದ ಮಹಾಯಾಜಕರ ಬಳಿಗೆ ತಾನಾಗಿ ಹೋಗುತ್ತಾನೆ. ಅವರು ಸಂತೋಷಪಟ್ಟು ಹಣ ಕೊಡುತ್ತೇವೆನ್ನುತ್ತಾರೆ. ಅವನು ಕೇಳಿದನೆಂದಾಗಲಿ ಎಷ್ಟು ಕೇಳಿದನೆಂದಾಗಲಿ ಅಲ್ಲಿಲ್ಲ, ಏಕೆ ಹೋದನೆಂಬುದೂ ಇಲ್ಲ. “ನನಗೆ ಏನು ಕೊಡುತ್ತೀರಿ?” ಎಂಬ ಚೌಕಾಸಿ, ಮೂವತ್ತು ಬೆಳ್ಳಿ ನಾಣ್ಯಗಳ ಲೆಕ್ಕ, ಇವೆರಡನ್ನೂ ಸೇರಿಸಿದವನು ಮತ್ತಾಯ. ಆ ಮೂವತ್ತರ ಲೆಕ್ಕ ಬಂದದ್ದು ಜೆಕರ್ಯನ ಪ್ರವಾದನೆಯಿಂದ. ಎತ್ತು ಹಾಯ್ದು ಸತ್ತ ಆಳಿಗೆ ಅವನ ಧಣಿಗೆ ಕೊಡಬೇಕಾದ ಪರಿಹಾರವೂ ವಿಮೋಚನಕಾಂಡದ ಪ್ರಕಾರ ಮೂವತ್ತು ಶೆಕೆಲ್ ಬೆಳ್ಳಿಯೇ. ಓದುಗರಿಗೆ ಆ ನೆನಪು ಚುಚ್ಚಲೆಂದೇ ಈ ಅಂಕೆ ಅಲ್ಲಿ ಕೂತಿದೆ. ಲೂಕನು ಹಣದ ಆಸೆಯನ್ನು ಕಾರಣವೆಂದು ಒಪ್ಪಿದಂತೆ ಕಾಣುವುದಿಲ್ಲ. ಅವನ ಪ್ರಕಾರ ಸೈತಾನನು ಯೂದನೊಳಗೆ ಹೊಕ್ಕ. ಸಾವಿನ ವಿಷಯದಲ್ಲಂತೂ ಎರಡು ಕಥೆಗಳು ಮುಖಾಮುಖಿಯಾಗಿ ನಿಂತಿವೆ. ಮತ್ತಾಯನಲ್ಲಿ ಅವನು ಪಶ್ಚಾತ್ತಾಪಪಟ್ಟು ಹಣವನ್ನು ದೇವಾಲಯದಲ್ಲಿ ಬಿಸಾಡಿ ಉರುಲು ಹಾಕಿಕೊಳ್ಳುತ್ತಾನೆ, ಹೊಲವನ್ನು ಕೊಳ್ಳುವವರು ಯಾಜಕರು. ಅಪೊಸ್ತಲರ ಕೃತ್ಯಗಳಲ್ಲಿ ಹೊಲ ಕೊಳ್ಳುವವನು ಅವನೇ. ಅಲ್ಲೇ ತಲೆಕೆಳಗಾಗಿ ಬಿದ್ದು ಹೊಟ್ಟೆ ಒಡೆದು ಸಾಯುತ್ತಾನೆ, ಪಶ್ಚಾತ್ತಾಪದ ಸುಳಿವೇ ಇಲ್ಲ.

ಇನ್ನೂ ಹತ್ತಿರದಿಂದ ನೋಡಬೇಕಾದದ್ದು ಒಂದು ಕ್ರಿಯಾಪದವನ್ನು. ಯೂದನು ಮಾಡಿದ ಕೆಲಸಕ್ಕೆ ಸುವಾರ್ತೆಗಳು ಬಳಸುವ ಗ್ರೀಕ್ ಪದ ‘ಪಾರಾದಿದೋಮಿ’. ಅದರ ನೇರ ಅರ್ಥ ‘ಒಪ್ಪಿಸಿಕೊಡು’, ‘ಕೈಗೆ ಕೊಡು’. ಯೂದನು ಯೇಸುವನ್ನು ಯಾಜಕರಿಗೆ ಒಪ್ಪಿಸಿದ, ಯಾಜಕರು ರೋಮಿನ ರಾಜ್ಯಪಾಲ ಪಿಲಾತನಿಗೆ ಒಪ್ಪಿಸಿದರು, ಪಿಲಾತನು ಶಿಲುಬೆಗೆ ಹಾಕಲು ಒಪ್ಪಿಸಿದ, ಮೂರು ಕಡೆಯೂ ಅದೇ ಪದ. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದಲ್ಲಿ, ದೇವರು ತನ್ನ ಸ್ವಂತ ಮಗನನ್ನು ಉಳಿಸಿಕೊಳ್ಳದೆ ನಮ್ಮೆಲ್ಲರಿಗೋಸ್ಕರ ಒಪ್ಪಿಸಿಕೊಟ್ಟನು ಎನ್ನುವಾಗಲೂ ಅದೇ ಪದವಿದೆ. ‘ದ್ರೋಹಿ’ ಎಂದೇ ಅರ್ಥ ಬರುವ ಬೇರೆ ಗ್ರೀಕ್ ಪದವೊಂದುಂಟು, ಅದನ್ನು ಯೂದನಿಗೆ ಹಚ್ಚಿದ್ದು ಲೂಕನೊಬ್ಬನೇ, ಅದೂ ಒಂದೇ ಒಂದು ಸಲ. ಕೆನಡಾದ ವಿದ್ವಾಂಸ ವಿಲಿಯಂ ಕ್ಲಾಸೆನ್ 1996ರಲ್ಲಿ ಈ ಪದದ ಮೇಲೆಯೇ ತಮ್ಮ ವಾದವನ್ನೆಲ್ಲ ಕಟ್ಟಿದರು. ಯೂದನು ಮಾಡಿದ್ದು ದ್ರೋಹವಲ್ಲ, ಗುರುವಿನ ಒಪ್ಪಿಗೆಯಿಂದಲೇ ಅವನನ್ನು ಯಾಜಕರೊಂದಿಗೆ ಮುಖಾಮುಖಿಯಾಗಿಸಿದ ಮಧ್ಯಸ್ಥಿಕೆ ಎಂಬುದು ಅವರ ನಿಲುವು. ನಾನು ಅಷ್ಟು ದೂರ ಹೋಗಲಾರೆ. ಪದ ತಟಸ್ಥವಾಗಿದ್ದರೂ ಸುತ್ತಲಿನ ಕಥೆ ತಟಸ್ಥವಾಗಿಲ್ಲ, ರಾತ್ರಿ ಹೊತ್ತು ಕತ್ತಿ ದೊಣ್ಣೆಗಳೊಂದಿಗೆ ಬಂದು ಮುದ್ದಿಟ್ಟು ಗುರುತು ತೋರಿಸುವುದನ್ನು ಮಧ್ಯಸ್ಥಿಕೆಯೆಂದು ಕರೆಯುವುದು ಕಷ್ಟ.

ಆದರೆ ಕನ್ನಡದ ಓದುಗರಾಗಿ ನಾವು ಗಮನಿಸಬೇಕಾದದ್ದು ಬೇರೊಂದಿದೆ. ನಮ್ಮ ಹಳೆಯ ಬೈಬಲ್ ಅನುವಾದವು ಇಲ್ಲಿ ‘ಹಿಡಿದುಕೊಡು’ ಎಂಬ ಸಾದಾ ಕನ್ನಡದ ಮಾತನ್ನೇ ಬಳಸುತ್ತದೆ. ಗ್ರೀಕಿನ ಪದಕ್ಕೆ ಇದಕ್ಕಿಂತ ಹತ್ತಿರದ ಮಾತು ಸಿಗುವುದು ಕಷ್ಟ. ಆಮೇಲೆ ಬಂದ ಸರಳ ಅನುವಾದದಲ್ಲಿ ಅವನು ‘ಗುರುದ್ರೋಹಿ’ಯಾದ. ಆ ಒಂದು ಪದದೊಡನೆ, ಗುರುವಿಗೆ ಎರಡು ಬಗೆಯುವುದನ್ನು ಮಹಾಪಾತಕಗಳ ಸಾಲಿನಲ್ಲಿಟ್ಟ ಈ ನೆಲದ ಸಂಸ್ಕಾರವೆಲ್ಲ ಯೂದನ ಹೆಗಲೇರಿತು. ಅನುವಾದಕರು ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ, ಓದುಗರಿಗೆ ತಟ್ಟುವ ಮಾತನ್ನು ಆರಿಸಿದರು. ಆದರೂ ಅದು ಒಂದು ವ್ಯಾಖ್ಯಾನವೇ, ನಿಮ್ಮ ತರಗತಿಯ ಮಕ್ಕಳು ಎರಡೂ ಅನುವಾದಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಓದಿದರೆ ಅದು ತಾನಾಗಿ ಹೊಳೆಯುತ್ತದೆ.

ಸುವಾರ್ತೆಗಳು ಮುಗಿದ ಮೇಲೂ ಯೂದನ ಖಳತನ ಬೆಳೆಯುವುದು ನಿಲ್ಲಲಿಲ್ಲ. ಎರಡನೆಯ ಶತಮಾನದ ಮೊದಲ ಭಾಗದಲ್ಲಿದ್ದ ಪಾಪಿಯಾಸ್ ಎಂಬ ಬಿಷಪ್ಪನ ಹೇಳಿಕೆಯಂತೆ, ಯೂದನ ಮೈ ಎಷ್ಟು ಊದಿತೆಂದರೆ ಗಾಡಿ ಸಲೀಸಾಗಿ ದಾಟುವ ಕಡೆಯಲ್ಲೂ ಅವನು ದಾಟಲಾರದೆ ಹೋದ. ಹದಿನಾಲ್ಕನೆಯ ಶತಮಾನದ ಇಟಲಿಯ ಮಹಾಕವಿ ಡಾಂಟೆ ಅವನನ್ನು ನರಕದ ತಳದಲ್ಲಿ, ಸೈತಾನನ ಮೂರು ಬಾಯಿಗಳ ಪೈಕಿ ನಡುವಿನದರಲ್ಲಿ ತಲೆ ಒಳಗೆ, ಕಾಲು ಹೊರಗೆ ಸಿಕ್ಕಿಸಿ ಇಟ್ಟ. ಯುರೋಪಿನ ಚಿತ್ರಕಾರರು ಅವನಿಗೆ ಹಳದಿ ನಿಲುವಂಗಿ ತೊಡಿಸಿ, ಕೈಗೆ ಹಣದ ಚೀಲ ಕೊಟ್ಟು, ಮೇಜಿನ ಆಚೆ ಬದಿಗೆ ಒಂಟಿಯಾಗಿ ಕೂರಿಸಿದರು.

ಇಲ್ಲಿಂದ ವಿಷಯ ಸಾಹಿತ್ಯದ್ದಾಗಿ ಉಳಿಯುವುದಿಲ್ಲ. ಯೂದ ಎಂಬ ಹೆಸರೂ ಯೆಹೂದ್ಯ ಎಂಬ ಕುಲದ ಹೆಸರೂ ಒಂದೇ ಬೇರಿನಿಂದ ಬಂದವು. ಹನ್ನೆರಡು ಮಂದಿ ಶಿಷ್ಯರೂ ಯೆಹೂದ್ಯರೇ ಆಗಿದ್ದರು, ಯೇಸುವೂ ಯೆಹೂದ್ಯನೇ, ಆದರೂ ಮಧ್ಯಯುಗದ ಯುರೋಪಿನ ಕಣ್ಣಿಗೆ ಯೆಹೂದ್ಯನಂತೆ ಕಂಡವನು ಯೂದನೊಬ್ಬನೇ. ಜರ್ಮನಿಯ ಒಬರಾಮರ್ಗಾವ್ ಎಂಬ ಹಳ್ಳಿಯವರು ಪ್ಲೇಗಿನಿಂದ ಪಾರಾದ ಹರಕೆಗೆ 1634ರಿಂದ ಕ್ರಿಸ್ತನ ಯಾತನೆಯ ನಾಟಕವನ್ನು ಆಡುತ್ತ ಬಂದಿದ್ದಾರೆ, ಈಗ ಹತ್ತು ವರ್ಷಕ್ಕೊಮ್ಮೆ ಊರಿಗೆ ಊರೇ ರಂಗಕ್ಕೇರುತ್ತದೆ. ಮುನ್ನೂರು ವರ್ಷ ತುಂಬಿದ 1934ರ ಪ್ರದರ್ಶನವನ್ನು ನೋಡಲು ಹಿಟ್ಲರನೇ ಬಂದಿದ್ದ, ನೋಡಿ ಮೆಚ್ಚಿಯೂ ಇದ್ದ. ಅವನು ಮೆಚ್ಚಿದ್ದು ಏನನ್ನು ಎಂದು ಬೇರೆ ಹೇಳಬೇಕಾಗಿಲ್ಲ. ಕ್ರಿಸ್ತನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನ ಯೆಹೂದ್ಯರ ಮೇಲಾಗಲಿ ಹೊರಿಸಲಾಗದೆಂದು 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಸಾರಿತು. ಅದಾದ ಮೇಲೂ ನಾಟಕದ ಪಠ್ಯ ಬದಲಾಗಲು ದಶಕಗಳೇ ಹಿಡಿದವು. 1990ರಿಂದ ಅದರ ನಿರ್ದೇಶಕರಾಗಿರುವ ಕ್ರಿಸ್ಟಿಯಾನ್ ಷ್ಟುಕ್ಲ್ ಅವರ ಕೈಯಲ್ಲಿ ಯೂದನು ದುಡ್ಡಿನಾಸೆಯವನಾಗಿ ಉಳಿಯದೆ, ರೋಮಿನ ವಿರುದ್ಧ ಗುರುವು ಏಳುತ್ತಾನೆಂದು ನಂಬಿ ನಿರಾಶನಾದ ಶಿಷ್ಯನಾದ. 2022ರ ಪ್ರದರ್ಶನದಲ್ಲಿ ಆ ಪಾತ್ರವನ್ನು ವಹಿಸಿದವರಲ್ಲಿ ಒಬ್ಬನು ಅದೇ ಊರಿನ, ಟರ್ಕಿ ಮೂಲದ ಮುಸ್ಲಿಂ ಯುವಕ. ಮರುವ್ಯಾಖ್ಯಾನ ಏಕೆ ಬೇಕು ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಕಾದಂಬರಿಗಳ ಹೆಸರು ಹೇಳುವುದಿಲ್ಲ, ಈ ಹಳ್ಳಿಯ ಹೆಸರನ್ನು ಹೇಳುತ್ತೇನೆ.

ನಿರಾಶನಾದ ದೇಶಭಕ್ತನೆಂಬ ಈ ಕಲ್ಪನೆಯೂ ಹೊಸತಲ್ಲ. ಹತ್ತೊಂಬತ್ತನೆಯ ಶತಮಾನದಲ್ಲೇ ಇಂಗ್ಲಿಷ್ ಪ್ರಬಂಧಕಾರ ಥಾಮಸ್ ಡಿ ಕ್ವಿನ್ಸಿ, ಯೇಸುವನ್ನು ಇಕ್ಕಟ್ಟಿಗೆ ಸಿಕ್ಕಿಸಿದರೆ ಅವನು ತನ್ನ ರಾಜ್ಯವನ್ನು ಘೋಷಿಸಿಯೇ ತೀರುತ್ತಾನೆಂದು ಯೂದ ಲೆಕ್ಕ ಹಾಕಿದ್ದನೆಂಬ ವಾದವನ್ನು ಜನಪ್ರಿಯಗೊಳಿಸಿದ. ಕಥೆಯಾಗಿ ಇದು ಸೊಗಸಾಗಿದೆ, ರಂಗಕ್ಕೂ ಚಿತ್ರಪಟಕ್ಕೂ ಒಗ್ಗುತ್ತದೆ. ಆದರೆ ಇದಕ್ಕೆ ಆಧಾರವೆಂದು ಕೊಡುವ ಒಂದು ಶಬ್ದಾರ್ಥವನ್ನು ಮಾತ್ರ ಎಚ್ಚರದಿಂದ ಮುಟ್ಟಬೇಕು. ಯೂದನ ಉಪನಾಮವಾದ ‘ಇಸ್ಕರಿಯೋತ’ ಎಂದರೆ ‘ಸಿಕಾರಿ’, ಅಂದರೆ ಕಿರುಗತ್ತಿ ಮರೆಸಿಕೊಂಡು ತಿರುಗುತ್ತಿದ್ದ ಬಂಡಾಯಗಾರ ಎಂಬ ಅರ್ಥವದು. ಆ ಬಂಡಾಯಗಾರರು ಚರಿತ್ರೆಯಲ್ಲಿ ಕಾಣಿಸಿಕೊಳ್ಳುವುದು ಶಿಲುಬೆಯ ಘಟನೆಯಾಗಿ ಇಪ್ಪತ್ತು ವರ್ಷಗಳಾದ ಮೇಲೆ. ‘ಕೆರಿಯೋತ್ ಎಂಬ ಊರಿನವನು’ ಎಂಬ ಸಪ್ಪೆ ಅರ್ಥವೇ ಹೆಚ್ಚು ಸಂಭವನೀಯ.

ಇನ್ನು ‘ಯೂದನ ಸುವಾರ್ತೆ’ಯ ವಿಷಯ. ಇದು ಇದ್ದಿತೆಂಬುದು ಮೊದಲಿನಿಂದಲೂ ಗೊತ್ತಿತ್ತು, ಕ್ರಿ.ಶ. 180ರ ಸುಮಾರಿಗೆ ಐರೇನೆಯಸ್ ಎಂಬ ಬಿಷಪ್ ಅದನ್ನು ಹೆಸರಿಸಿ ಖಂಡಿಸಿದ್ದ. ಗ್ರಂಥವೇ ಸಿಕ್ಕಿದ್ದು 1970ರ ದಶಕದಲ್ಲಿ, ಈಜಿಪ್ಟಿನ ಮಿನ್ಯಾ ಪ್ರಾಂತದಲ್ಲಿ, ಕೋಪ್ಟಿಕ್ ಭಾಷೆಯ ಪಪೈರಸ್ ಹೊತ್ತಗೆಯ ರೂಪದಲ್ಲಿ. ಅದು ಪಟ್ಟ ಪಾಡನ್ನು ಕೇಳಿದರೆ ಯಾವ ಗ್ರಂಥಪಾಲಕನ ಹೊಟ್ಟೆಯಾದರೂ ಉರಿಯಬೇಕು. ಮಾರಾಟಗಾರರ ಕೈಯಿಂದ ಕೈಗೆ ದಾಟಿ, ನ್ಯೂಯಾರ್ಕಿನ ಪಕ್ಕದ ಲಾಂಗ್ ಐಲೆಂಡಿನ ಬ್ಯಾಂಕೊಂದರ ಲಾಕರಿನಲ್ಲಿ ಹದಿನಾರು ವರ್ಷ ಕೊಳೆತು, ಒಬ್ಬ ವ್ಯಾಪಾರಿಯ ಫ್ರೀಜರಿನಲ್ಲೂ ಇದ್ದು ಬಂದು, ಕೊನೆಗೆ ತಜ್ಞರ ಕೈಸೇರುವ ಹೊತ್ತಿಗೆ ಅದು ಮುಟ್ಟಿದರೆ ಪುಡಿಯಾಗುವ ಚೂರುಗಳ ರಾಶಿಯಾಗಿತ್ತು. ಇಂಗಾಲದ ಪರೀಕ್ಷೆಯಲ್ಲಿ ಆ ಪ್ರತಿಯ ಕಾಲ ಕ್ರಿ.ಶ. 220 ಮತ್ತು 340ರ ನಡುವೆ ಎಂದು ಬಂತು. 2006ರ ಏಪ್ರಿಲ್‌ನಲ್ಲಿ ನ್ಯಾಷನಲ್ ಜಿಯೊಗ್ರಾಫಿಕ್ ಸಂಸ್ಥೆ ಅದರ ಅನುವಾದವನ್ನು ಭಾರೀ ಪ್ರಚಾರದೊಂದಿಗೆ ಹೊರತಂದಿತು. ‘ನನ್ನನ್ನು ಹೊದ್ದಿರುವ ಮನುಷ್ಯನನ್ನು ನೀನು ಬಲಿಕೊಡುವೆ, ಆದುದರಿಂದ ನೀನು ಅವರೆಲ್ಲರನ್ನೂ ಮೀರುವೆ’ ಎಂಬರ್ಥದ ಮಾತನ್ನು ಯೇಸು ಅಲ್ಲಿ ಯೂದನಿಗೆ ಹೇಳುತ್ತಾನೆ. ದೇಹವೆಂಬುದು ಆತ್ಮದ ಸೆರೆಮನೆ, ಸೆರೆಯಿಂದ ಬಿಡಿಸುವವನೇ ನಿಜವಾದ ಗೆಳೆಯ ಎಂದು ನಂಬಿದ ನಾಸ್ಟಿಕ್ (Gnostic) ಪಂಥದವರ ಬರಹವಿದು.

ಪತ್ರಿಕೆಗಳೆಲ್ಲ ‘ಯೂದ ಖಳನಲ್ಲ’ ಎಂದು ಬರೆದು ಮುಗಿಸಿದ ಮೇಲೆ, ಮರುವರ್ಷ, ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಏಪ್ರಿಲ್ ಡಿಕೊನಿಕ್ ಎಂಬ ವಿದುಷಿ ಅನುವಾದವನ್ನೇ ಪ್ರಶ್ನಿಸಿದರು. ಯೇಸು ಯೂದನನ್ನು ಕರೆಯುವುದು ‘ಹದಿಮೂರನೆಯ ದೈಮೋನ್’ ಎಂದು. ಮೊದಲ ಅನುವಾದಕರು ಇದನ್ನು ‘ಹದಿಮೂರನೆಯ ಚೇತನ’ ಎಂಬ ಅರ್ಥದಲ್ಲಿ ತಿರುಗಿಸಿದ್ದರು. ಆದರೆ ಆ ಕಾಲದ ಇಂತಹ ಬರಹಗಳಲ್ಲಿ ಆ ಪದಕ್ಕೆ ಇರುವ ಅರ್ಥ ದೆವ್ವ. ಪವಿತ್ರ ಸಂತತಿಗೆಂದು ಯೂದನನ್ನು ಆರಿಸಿ ಬೇರೆ ಮಾಡಲಾಗಿದೆ ಎಂದು ತಿರುಗಿಸಿದ ಕಡೆಯಲ್ಲಿ, ಅವನನ್ನು ಆ ಸಂತತಿಯಿಂದ ಬೇರ್ಪಡಿಸಲಾಗಿದೆ ಎಂದಾಗಬೇಕೆಂದೂ ಅವರು ತೋರಿಸಿದರು. ಅವರ ಓದಿನಲ್ಲಿ ಈ ಗ್ರಂಥದ ಯೂದ ನಾಯಕನಲ್ಲ, ನಮ್ಮ ಸುವಾರ್ತೆಗಳ ಯೂದನಿಗಿಂತಲೂ ಕೇಡಿ. ವಿದ್ವಾಂಸರ ನಡುವೆ ಈ ಚರ್ಚೆ ಪೂರ್ತಿ ಇತ್ಯರ್ಥವಾಗಿಲ್ಲ, ನನಗೆ ಡಿಕೊನಿಕ್ ಅವರ ವಾದವೇ ಹೆಚ್ಚು ಗಟ್ಟಿಯೆನಿಸುತ್ತದೆ. ಇತ್ತ ಯಾವ ಓದನ್ನು ಒಪ್ಪಿದರೂ ಒಂದು ಮಾತು ನಿಲ್ಲುತ್ತದೆ: ಇದು ಎರಡನೆಯ ಶತಮಾನದ ಒಂದು ಪಂಥದ ನಂಬಿಕೆಗೆ ಸಾಕ್ಷಿಯೇ ಹೊರತು, ಯೆರೂಸಲೇಮಿನ ಆ ರಾತ್ರಿ ನಡೆದುದಕ್ಕೆ ಸಾಕ್ಷಿಯಲ್ಲ. ನಿಮ್ಮ ವಿದ್ಯಾರ್ಥಿನಿಗೆ ಇದನ್ನು ಹೇಳಲೇಬೇಕು.

ಈಜೆಬೆಲಳ ವಿಷಯದಲ್ಲಿ ಮರುಓದು ಎಲ್ಲಿ ಗೆಲ್ಲುತ್ತದೆ, ಎಲ್ಲಿ ಎಡವುತ್ತದೆ ಎಂಬುದು ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಕ್ರಿ.ಪೂ. ಒಂಬತ್ತನೆಯ ಶತಮಾನದಲ್ಲಿ ಚೀದೋನಿನ ಅರಸನ ಮಗಳಾಗಿ ಹುಟ್ಟಿ, ಇಸ್ರಾಯೇಲಿನ ಅಹಾಬನಿಗೆ ಹೆಂಡತಿಯಾಗಿ ಬಂದವಳು. ಅವಳ ಹೆಸರು ಇಂದು ಹಲವು ಭಾಷೆಗಳಲ್ಲಿ ನಡತೆಗೆಟ್ಟ ಹೆಂಗಸಿಗೆ ಪರ್ಯಾಯವಾಗಿದೆ. ಅಮೆರಿಕದಲ್ಲಿ ಗುಲಾಮರಾಗಿದ್ದ ಕಪ್ಪು ಹೆಂಗಸರ ಮೇಲೆ ಧಣಿಗಳು ನಡೆಸಿದ ಅತ್ಯಾಚಾರಕ್ಕೆ ನೆಪ ಹುಡುಕಲು ಆ ಹೆಂಗಸರಿಗೇ ಈ ಹೆಸರನ್ನು ಅಂಟಿಸಿದ್ದರು. ಆದರೆ ಅರಸರ ಎರಡೂ ಗ್ರಂಥಗಳನ್ನು ತಿರುವಿಹಾಕಿದರೂ ಈಜೆಬೆಲಳು ಗಂಡನಿಗೆ ಎರಡು ಬಗೆದಳೆಂಬ ಒಂದು ಸಾಲೂ ಇಲ್ಲ. ಅವಳನ್ನು ಕೊಲ್ಲಲು ಹೊರಟ ಸೇನಾಪತಿ ಯೇಹು ‘ವ್ಯಭಿಚಾರ’ ಎಂಬ ಪದವನ್ನು ಬಳಸುತ್ತಾನೆ ನಿಜ, ಆದರೆ ಅನ್ಯದೇವತೆಗಳ ಪೂಜೆಯನ್ನು ವ್ಯಭಿಚಾರವೆಂದು ಬೈಯುವುದು ಪ್ರವಾದಿಗಳ ಎಂದಿನ ಮಾತಿನ ವರಸೆ. ಅವಳ ಕೊನೆಯ ದೃಶ್ಯವನ್ನು ನೋಡಿ. ಅವಳ ಮಗನನ್ನು ಕೊಂದ ಈ ಸೇನಾಪತಿ ಊರಬಾಗಿಲಿಗೆ ಬಂದಿದ್ದಾನೆ. ಅವಳು ಕಣ್ಣಿಗೆ ಕಾಡಿಗೆ ಹಚ್ಚಿ, ತಲೆಯನ್ನು ಸಿಂಗರಿಸಿಕೊಂಡು, ಕಿಟಕಿಯಿಂದ ಇಣುಕಿ, ಒಡೆಯನನ್ನು ಕೊಂದವನೇ, ಹಿಂದೆ ಹೀಗೇ ಮಾಡಿದ ಜಿಮ್ರಿಗೆ ಏನಾಯಿತೆಂದು ಗೊತ್ತಲ್ಲ ಎಂಬರ್ಥದಲ್ಲಿ ಹಂಗಿಸುತ್ತಾಳೆ. ಶತಮಾನಗಳ ಕಾಲ ಇದನ್ನು ಗಂಡಸನ್ನು ಮರುಳುಗೊಳಿಸುವ ಹಂಚಿಕೆಯೆಂದು ಓದಿದರು. ಸಾಯುವೆನೆಂದು ಗೊತ್ತಿದ್ದ ರಾಜಮಾತೆ ರಾಣಿಯಾಗಿಯೇ ಸಾಯಲು ನಿಂತಳೆಂದು ಇಂದಿನವರು ಓದುತ್ತಾರೆ, ಇದು ಸರಿಯೆಂದೇ ನನ್ನ ಅಭಿಪ್ರಾಯ. ಕಿಟಕಿಯಲ್ಲಿ ಮುಖವಷ್ಟೇ ಕಾಣುವ ಸಿಂಗಾರದ ಹೆಣ್ಣನ್ನು ಕೆತ್ತಿದ ಫಿನೀಷಿಯದ ದಂತದ ಹಲಗೆಗಳು ನಿಮ್ರೂದಿನಲ್ಲೂ ಅರ್ಸ್ಲಾನ್ ತಾಷಿನಲ್ಲೂ ಸಿಕ್ಕಿವೆ. ಅವಳ ತವರಿನ ಕಲೆಗೆ ಆ ಭಂಗಿ ಪರಿಚಿತವಾಗಿತ್ತು.

ಸ್ತ್ರೀವಾದಿ ಬೈಬಲ್ ವಿದ್ವಾಂಸರಲ್ಲಿ ಹಿರಿಯರಾದ ಫಿಲಿಸ್ ಟ್ರಿಬಲ್, ಕಥೆಯನ್ನು ಬರೆದವರು ಈಜೆಬೆಲಳ ಕಡೆಯವರಾಗಿದ್ದರೆ ಅವಳ ಎದುರಾಳಿಯಾದ ಪ್ರವಾದಿ ಎಲೀಯನ ಪಾಡು ಏನಾಗುತ್ತಿತ್ತೆಂದು ಕೇಳಿದರು. ಅವಳು ಯೆಹೋವನ ಪ್ರವಾದಿಗಳನ್ನು ಕೊಲ್ಲಿಸಿದಳು. ಕರ್ಮೆಲ್ ಬೆಟ್ಟದ ಸವಾಲಿನಲ್ಲಿ ಗೆದ್ದ ಎಲೀಯ ಅವಳ ದೇವರಾದ ಬಾಳನ 450 ಪ್ರವಾದಿಗಳನ್ನು ಹಿಡಿಸಿ ಕೀಷೋನ್ ಹಳ್ಳದಲ್ಲಿ ಕೊಂದ. ಒಂದು ಕೊಲೆ ಪಾಪ, ಇನ್ನೊಂದು ಕೊಲೆ ಭಕ್ತಿ ಎನ್ನುವುದು ಹೇಳುವವನ ಕೈಯಲ್ಲಿದೆ. ಇಷ್ಟರವರೆಗೆ ವಾದ ಸರಿ.

ಆದರೆ ನಾಬೋತನೊಬ್ಬನಿದ್ದಾನಲ್ಲ! ಅರಮನೆಯ ಪಕ್ಕದ ಅವನ ದ್ರಾಕ್ಷೆತೋಟವನ್ನು ಅಹಾಬ ಕೇಳುತ್ತಾನೆ. ಪಿತ್ರಾರ್ಜಿತವನ್ನು ಕೊಡುವುದಿಲ್ಲವೆಂದು ಅವನು ಹೇಳಿದ್ದಕ್ಕೆ ಅರಸ ಊಟ ಬಿಟ್ಟು ಮುಖ ತಿರುಗಿಸಿ ಮಲಗುತ್ತಾನೆ. ಈಜೆಬೆಲಳು ಗಂಡನ ಮುದ್ರೆಯೊತ್ತಿ ಸುಳ್ಳು ಪತ್ರ ಬರೆದು, ಇಬ್ಬರು ಸುಳ್ಳು ಸಾಕ್ಷಿಗಳನ್ನು ನಿಲ್ಲಿಸಿ, ಊರ ಹಿರಿಯರಿಂದಲೇ ಅವನನ್ನು ಕಲ್ಲೆಸೆದು ಕೊಲ್ಲಿಸುತ್ತಾಳೆ. ಅವಳನ್ನು ಧೀರ ರಾಣಿಯೆಂದು ಹೊಗಳುವ ಬರಹಗಳಲ್ಲಿ ಹೆಚ್ಚಿನವು ಈ ತೋಟದ ಬೇಲಿಯ ಹತ್ತಿರ ಬರುತ್ತಲೇ ದಾರಿ ಬದಲಿಸುತ್ತವೆ. ನೀವು ಓದಿದ ಬರಹ ನಾಬೋತನ ಬಗ್ಗೆ ಏನು ಹೇಳಿತ್ತೆಂದು ಒಮ್ಮೆ ತಿರುಗಿ ನೋಡಿ. ಅವನ ಹೆಸರೇ ಇಲ್ಲವಾದರೆ ಅದನ್ನು ಅಲ್ಲಿಗೇ ಬಿಡಬಹುದು, ಏಕೆಂದರೆ ಒಬ್ಬ ಖಳಳಿಗೆ ನ್ಯಾಯ ಕೊಡಿಸಲು ಸತ್ತ ರೈತನೊಬ್ಬನನ್ನು ಎರಡನೆಯ ಸಲ ಹೂಳಿದಂತಾಯಿತು. ನಿಷ್ಠೆಯ ಮರುಓದು ಬೇರೆ ದಾರಿ ಹಿಡಿಯುತ್ತದೆ. ಅರಸರ ಎರಡನೆಯ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ಯೇಹು ಇದೇ ಕೊಲೆಯನ್ನು ನೆನೆಯುವಾಗ, ನಾಬೋತನ ರಕ್ತವನ್ನೂ ಅವನ ಮಕ್ಕಳ ರಕ್ತವನ್ನೂ ಕಂಡೆನೆಂದು ಅಹಾಬನ ಕುರಿತು ಹೇಳಿದ ದೈವವಾಣಿಯನ್ನು ಉದ್ಧರಿಸುತ್ತಾನೆ. ಅಲ್ಲಿ ಪತ್ರಗಳೂ ಇಲ್ಲ, ಈಜೆಬೆಲಳೂ ಇಲ್ಲ. ಇದು ಕಥೆಯ ಹಳೆಯ ರೂಪವೆಂದೂ, ಅರಸನ ಪಾಪ ಆಮೇಲೆ ಪರದೇಶದ ಹೆಂಡತಿಯ ಕಡೆಗೆ ಜಾರಿತೆಂದೂ ವಿದ್ವಾಂಸರು ವಾದಿಸಿದ್ದಾರೆ. ಬೇಥಾನ್ಯದ ಗೊಣಗು ಯೂದನ ಕಡೆಗೆ ಜಾರಿದ ಹಾಗೆಯೇ.

ಹೊಣೆ ಹೀಗೆ ಜಾರುವುದು ಯಾವಾಗಲೂ ಖಳನ ತಲೆಯ ಮೇಲಕ್ಕೇ ಅಲ್ಲ, ಕೆಲವೊಮ್ಮೆ ಅವನ ತಲೆಯಿಂದ ಕೆಳಗೂ ಇಳಿಯುತ್ತದೆ. ಪಿಲಾತನನ್ನು ನೋಡಿ. ಅವನ ಸಮಕಾಲೀನನಾದ ಯೆಹೂದ್ಯ ತತ್ವಜ್ಞಾನಿ ಫಿಲೋ ಅವನನ್ನು ಲಂಚಕೋರ, ಕ್ರೂರಿ ಎಂದು ಬಣ್ಣಿಸಿದ್ದಾನೆ. ಸುವಾರ್ತೆಗಳಲ್ಲಿ ಅವನು ಹಿಂಜರಿಯುವ ಸಾಧುವಾಗುತ್ತ ಹೋಗುತ್ತಾನೆ, ಇಥಿಯೋಪಿಯದ ಸಭೆಯಲ್ಲಿ ಸಂತನೇ ಆಗಿಬಿಟ್ಟಿದ್ದಾನೆ. ಅವನು ತೊಳೆದುಕೊಂಡ ಕೈಯ ಕೊಳೆ ಇಡೀ ಒಂದು ಜನಾಂಗದ ಮೇಲೆ ಬಿತ್ತು. ಖಳನನ್ನು ಒಳ್ಳೆಯವನಾಗಿಸುವುದೆಲ್ಲ ಉದಾರತೆಯಲ್ಲ ಎಂಬುದಕ್ಕೆ ಇದೊಂದೇ ಸಾಕು.

ರಾವಣನ ಮಾತೆತ್ತಿದ್ದೀರಿ. ಅದನ್ನು ಈ ಕಾಲದ ಚಾಳಿಯೆನ್ನುವುದು ಕನ್ನಡದವರಿಗೆ ತಕ್ಕುದಲ್ಲ. ಒಂಬೈನೂರು ವರ್ಷಗಳ ಹಿಂದೆಯೇ ನಾಗಚಂದ್ರನು, ಕಾಲವಶದಿಂದ ಸಮುದ್ರವೂ ಒಮ್ಮೆ ಮರ್ಯಾದೆ ಮೀರುವುದಿಲ್ಲವೇ ಎಂದು ಕೇಳಿ ರಾವಣನನ್ನು ದುರಂತ ನಾಯಕನಾಗಿಸಿದ. ಅವನಿಗಿಂತ ಮೊದಲು ರನ್ನನು ಭೀಮನನ್ನು ಹೊಗಳಲೆಂದು ಕೂತು ದುರ್ಯೋಧನನಿಗೆ ಕಣ್ಣೀರು ತರಿಸುವ ಸಾಲುಗಳನ್ನು ಬರೆದ. ವ್ಯತ್ಯಾಸವಿರುವುದು ಬೇರೆ ಕಡೆ. ನಮ್ಮಲ್ಲಿ ಕವಿ ಇಡೀ ಕಥೆಯನ್ನೇ ಮತ್ತೆ ಹೇಳಬಹುದಿತ್ತು, ಹೊಸ ರಾಮಾಯಣವೂ ರಾಮಾಯಣವೇ. ಬೈಬಲ್ಲಿನ ಪಾಠ ಬಹಳ ಹಿಂದೆಯೇ ಸ್ಥಿರಗೊಂಡಿತು. ಹಾಗಾಗಿ ಅಲ್ಲಿ ಮರುವ್ಯಾಖ್ಯಾನ ನಡೆಯಬೇಕಾದದ್ದು ಟೀಕೆಯಲ್ಲಿ, ಉಪದೇಶದಲ್ಲಿ, ಚಿತ್ರದಲ್ಲಿ, ಇಲ್ಲವೇ ಸಭೆಯ ಹೊರಗಿನ ಕಾದಂಬರಿಯಲ್ಲಿ. ಹೊರಗೆ ನಡೆದಾಗ ಒಳಗಿನವರಿಗೆ ಅದು ದಂಗೆಯಂತೆ ಕಾಣುವುದು ಸಹಜ.

ಈಗ ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಬರುತ್ತೇನೆ. ಮಾರ್ಕನ ಯೇಸು ಒಂದೇ ಉಸಿರಿನಲ್ಲಿ ಎರಡು ಮಾತು ಹೇಳುತ್ತಾನೆ: ಮನುಷ್ಯಕುಮಾರನು ಬರೆದಿರುವ ಪ್ರಕಾರವೇ ಹೊರಟುಹೋಗುತ್ತಾನೆ, ಆದರೆ ಅವನನ್ನು ಹಿಡಿದುಕೊಡುವವನ ಗತಿಯನ್ನು ಏನು ಹೇಳಲಿ, ಅವನು ಹುಟ್ಟದೆ ಇದ್ದಿದ್ದರೆ ಒಳ್ಳೆಯದಿತ್ತು. ದೇವರ ಸಂಕಲ್ಪವೂ ಮನುಷ್ಯನ ಹೊಣೆಯೂ ಇಲ್ಲಿ ಪಕ್ಕಪಕ್ಕದಲ್ಲಿವೆ, ಒಂದು ಇನ್ನೊಂದನ್ನು ರದ್ದು ಮಾಡುವುದಿಲ್ಲ. ನಿಮ್ಮ ವಿದ್ಯಾರ್ಥಿನಿಯ ತರ್ಕ ಮೊದಲರ್ಧವನ್ನು ಹಿಡಿದುಕೊಂಡು ಎರಡನೆಯದನ್ನು ಬಿಟ್ಟಿದೆ. ನಮ್ಮಲ್ಲಿ ಅನೇಕರ ಉಪದೇಶ ಎರಡನೆಯದನ್ನು ಹಿಡಿದು ಮೊದಲನೆಯದನ್ನು ಬಿಟ್ಟಿರುತ್ತದೆ. ಯೂದನು ನರಕದಲ್ಲಿದ್ದಾನೆಯೇ ಎಂದು ಅವಳು ಮುಂದುವರಿಸಿ ಕೇಳಬಹುದು. ಕಥೋಲಿಕ ಸಭೆ ಇಂತಿಂಥವರು ಸಂತರೆಂದು ಸಾರುವುದುಂಟು, ಆದರೆ ಇಂತಿಂಥವರು ನರಕಕ್ಕೆ ಹೋದರೆಂದು ಹೆಸರು ಹಿಡಿದು ಸಾರಿದ್ದಿಲ್ಲ. ಯೂದನ ಸುವಾರ್ತೆಯ ಗದ್ದಲವಿದ್ದ 2006ರ ಅಕ್ಟೋಬರಿನಲ್ಲೇ ಪೋಪ್ ಹದಿನಾರನೆಯ ಬೆನೆಡಿಕ್ಟರು, ಅವನ ಕೃತ್ಯಕ್ಕೆ ತೀರ್ಪು ಕೊಡುವುದು ನಮ್ಮ ಕೆಲಸವಲ್ಲವೆಂದಿದ್ದರು. ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಒರಿಜೆನ್ ಆಗಲೇ ಯೂದನ ಪಶ್ಚಾತ್ತಾಪದಲ್ಲಿ ಗುರುವಿನ ಬೋಧನೆಯ ಉಳಿಕೆಯನ್ನು ಕಂಡಿದ್ದ. ಫ್ರಾನ್ಸಿನ ವೆಜ್ಲೆಯ ಹನ್ನೆರಡನೆಯ ಶತಮಾನದ ದೇವಾಲಯದ ಕಂಬದ ತಲೆಯೊಂದರ ಒಂದು ಬದಿಯಲ್ಲಿ ನಾಲಿಗೆ ಚಾಚಿ ನೇತಾಡುವ ಯೂದನಿದ್ದಾನೆ, ಮತ್ತೊಂದು ಬದಿಯಲ್ಲಿ ಅವನ ಹೆಣವನ್ನು ಕುರಿಮರಿಯಂತೆ ಹೆಗಲ ಮೇಲೆ ಹೊತ್ತು ನಡೆಯುವ ಒಬ್ಬ ಮನುಷ್ಯನಿದ್ದಾನೆ. ಹೊತ್ತವನನ್ನು ಒಳ್ಳೆಯ ಕುರುಬನೆಂದೇ ಹಲವರು ಓದಿದ್ದಾರೆ, ಪೋಪ್ ಫ್ರಾನ್ಸಿಸರೂ ಹಾಗೆಯೇ ಓದಿ ಅದರ ಬಗ್ಗೆ ಮಾತಾಡಿದ್ದರು.

ಮುಂದಿನ ವಾರದ ತರಗತಿಗೆ ಮತ್ತಾಯನ ಇಪ್ಪತ್ತೇಳನೆಯ ಅಧ್ಯಾಯವನ್ನು ತೆಗೆಸಿ, ನಾಲ್ಕನೆಯ ವಚನವನ್ನು ಒಬ್ಬರಿಂದಲೂ ಇಪ್ಪತ್ತನಾಲ್ಕನೆಯದನ್ನು ಇನ್ನೊಬ್ಬರಿಂದಲೂ ಗಟ್ಟಿಯಾಗಿ ಓದಿಸಿ. ನಿರ್ದೋಷಿಯ ರಕ್ತಕ್ಕೆ ಕಾರಣನಾಗಿ ಪಾಪ ಮಾಡಿದೆನೆಂದು ಯೂದನು ಬಂದು ಹೇಳಿಕೊಂಡಾಗ ಯಾಜಕರು ಕೊಡುವ ಉತ್ತರ, ಅದು ನಮಗೇನು, ನೀನೇ ನೋಡಿಕೋ ಎಂದು. ಪಿಲಾತನು ಕೈ ತೊಳೆದುಕೊಂಡು ಜನರಿಗೆ ಹೇಳುವುದು, ಈ ರಕ್ತಕ್ಕೆ ನಾನು ಹೊಣೆಯಲ್ಲ, ನೀವೇ ನೋಡಿಕೊಳ್ಳಿ ಎಂದು. ಗ್ರೀಕಿನಲ್ಲೂ ಎರಡು ಕಡೆ ಒಂದೇ ಕ್ರಿಯಾಪದವಿದೆ. ಆ ಅಧ್ಯಾಯದಲ್ಲಿ ‘ನಾನು ಪಾಪ ಮಾಡಿದೆ’ ಎಂದು ಬಾಯಿಬಿಟ್ಟು ಹೇಳುವವರು ಎಷ್ಟು ಮಂದಿ, ಯಾರು ಎಂದು ಮಕ್ಕಳೇ ಹುಡುಕಲಿ.